ಪಂಚಾಂಗ ನೋಡಿ ಕೋಟೆಗೆ ಹೊರಡಿ

ಪ್ರಶ್ನೆ: ಕ್ರಿಸ್‌ಮಸ್ ರಜೆಗೆ ಧಾರವಾಡದಿಂದ ಅತ್ತೆ ಬರುತ್ತಿದ್ದಾರೆ. ಹನ್ನೊಂದು ಮತ್ತು ಏಳು ವರ್ಷದ ನನ್ನ ಮಕ್ಕಳಿಬ್ಬರಿಗೂ ಸಮುದ್ರದೊಳಗಿನ ಕೋಟೆ ನೋಡಬೇಕೆಂಬ ಹಟ. ಅಲಿಬಾಗದ ಕುಲಾಬಾ ಕೋಟೆಗೆ ಸಮುದ್ರದಲ್ಲೇ ನಡೆದು ಹೋಗಬಹುದು ಎನ್ನುತ್ತಾರೆ ಪಕ್ಕದ ಮನೆಯವರು. ಅಪಾಯ, ಬೇಡವೇ ಬೇಡ ಎನ್ನುತ್ತಾರೆ ನಮ್ಮ ಯಜಮಾನರು. ಯಾರ ಮಾತು ಕೇಳಲಿ? ಅತ್ತೆಗೆ ಮಂಡಿನೋವು ಬೇರೆ.
– ಮುಲುಂಡಿನ ಓದುಗರು

ಉತ್ತರ: ಇಬ್ಬರ ಮಾತೂ ನಿಜ, ಅದೂ ಒಂದೇ ದಿನ. ಬೆಳಿಗ್ಗೆ ಹತ್ತು ಗಂಟೆಗೆ ಪಕ್ಕದ ಮನೆಯವರು ಗೆದ್ದರೆ ಮಧ್ಯಾಹ್ನ ಎರಡಕ್ಕೆ ನಿಮ್ಮ ಯಜಮಾನರು ಗೆಲ್ಲುತ್ತಾರೆ. ಇದನ್ನು ನಾನು ಕಲಿತದ್ದು ಕಾಲು ಒದ್ದೆ ಮಾಡಿಕೊಂಡೇ.

1991ರ ಹೋಳಿ. ನಮ್ಮ ಮನೆಯವರಿಗೆ ಬಣ್ಣ ಎಂದರೆ ಆಗದು. ನಮ್ಮ ಡೊಂಬಿವಲಿಯ ಚಾಳಿನಲ್ಲಿ ಬಣ್ಣ ಎರಚುವ ಹುಡುಗರ ಕೈಗೆ ಸಿಕ್ಕಿಬೀಳಬಾರದೆಂದು ಹಿಂದಿನ ದಿನವೇ ಎಸ್‌ಟಿ ಬಸ್ಸು ಹತ್ತಿ ಅಲಿಬಾಗಕ್ಕೆ ಓಡಿಹೋದೆವು. ಮರುದಿನ ಬೆಳಿಗ್ಗೆ ಎಂಟಕ್ಕೆ ದಂಡೆಗೆ ಹೋದರೆ ಕೋಟೆಯವರೆಗೂ ಒದ್ದೆ ಮರಳು, ಅಲ್ಲಲ್ಲಿ ಪಾದ ಮುಳುಗುವಷ್ಟು ನೀರು. ಚಪ್ಪಲಿ ಕೈಯಲ್ಲಿ ಹಿಡಿದು ನಡೆದೆವು. ಒಳಗೆ ಬುರುಜು ಬುರುಜೂ ಹತ್ತಿ, ಫಿರಂಗಿಯ ಪಕ್ಕ ನಿಂತು ಫೋಟೋ ತೆಗೆಸಿಕೊಂಡು ಹತ್ತೂವರೆಗೆ ಹೊರಗೆ ಬಂದರೆ ದಾರಿಯೇ ಇಲ್ಲ. ಬಂದ ಮರಳಿನ ಮೇಲೆ ಸೊಂಟದಷ್ಟು ನೀರು. ದೋಣಿಯಾದರೂ ಇದ್ದೀತು ಎಂದುಕೊಂಡೆವು. ಆದರೆ ಇಲ್ಲಿನ ಮೀನುಗಾರರಾದ ಕೋಳಿ ಸಮುದಾಯದವರಿಗೆ ಹೋಳಿ ದೊಡ್ಡ ಹಬ್ಬ, ಅಂದು ಯಾರೂ ದೋಣಿ ಇಳಿಸಿರಲಿಲ್ಲ. ಸಂಜೆ ಐದರವರೆಗೆ ಗಣಪತಿ ಗುಡಿಯ ನೆರಳಿನಲ್ಲಿ ಕುಳಿತೆವು. ಚೀಲದಲ್ಲಿದ್ದದ್ದು ನಾಲ್ಕು ಚಕ್ಕುಲಿ, ಒಂದು ಬಾಟಲಿ ನೀರು.

ಆ ಗುಡಿಗೆ ಬಂದು, ನೀರು ಇಳಿಯಲೆಂದು ನಮ್ಮಂತೆಯೇ ಕಾಯುತ್ತಿದ್ದ (ಆದರೆ ಬುತ್ತಿ ಕಟ್ಟಿಕೊಂಡು ಬಂದಿದ್ದ) ಒಬ್ಬ ಮುದುಕಿ ನಮ್ಮನ್ನು ನೋಡಿ ನಕ್ಕು ಕೇಳಿದಳು: "ಇವತ್ತು ತಿಥಿ ಯಾವುದು?" ಪಾಡ್ಯ ಎಂದೆ. "ಹಾಗಾದರೆ ಮುಕ್ಕಾಲು. ಹನ್ನೆರಡೂಮುಕ್ಕಾಲಿಗೆ ಪೂರ್ತಿ ಭರತಿ. ಗೊತ್ತಿರಲಿಲ್ಲವೇ?" ಬ್ಯಾಂಕಿನಲ್ಲಿ ದಿನವಿಡೀ ಲೆಕ್ಕ ಮಾಡುತ್ತಿದ್ದ ನನಗೆ ಗೊತ್ತಿರಲಿಲ್ಲ.

ಕೊಂಕಣದ ದಂಡೆಯಲ್ಲಿ ಇದು ಬಾಯಿಪಾಠದ ಲೆಕ್ಕ. ತಿಥಿಯ ಸಂಖ್ಯೆಯ ಮುಕ್ಕಾಲು ಪಾಲು ಎಷ್ಟೋ ಅಷ್ಟು ಗಂಟೆಗೆ ಪೂರ್ತಿ ಉಬ್ಬರ. ಅಲ್ಲಿಂದ ಹಿಂದಕ್ಕೋ ಮುಂದಕ್ಕೋ ಆರು ಗಂಟೆ ಎಣಿಸಿದರೆ ಪೂರ್ತಿ ಇಳಿತ. ಇಂದು ಪಂಚಮಿಯಾದರೆ ಐದರ ಮುಕ್ಕಾಲು ಪಾಲು ಮೂರೂಮುಕ್ಕಾಲು. ಮಧ್ಯಾಹ್ನ ಮೂರೂಮುಕ್ಕಾಲಿಗೆ ಸಮುದ್ರ ತುಂಬಿರುತ್ತದೆ, ಬೆಳಿಗ್ಗೆ ಒಂಬತ್ತೂವರೆಯಿಂದ ಹತ್ತರ ಸುಮಾರಿಗೆ ತೀರ ಇಳಿದಿರುತ್ತದೆ. ಇದರಲ್ಲಿ ಮಾಯೆಯೇನೂ ಇಲ್ಲ. ಸೂರ್ಯನಿಂದ ಚಂದ್ರ ಹನ್ನೆರಡು ಡಿಗ್ರಿ ದೂರ ಸರಿದರೆ ಒಂದು ತಿಥಿ. ಭೂಮಿ ಹನ್ನೆರಡು ಡಿಗ್ರಿ ತಿರುಗಲು 48 ನಿಮಿಷ ಬೇಕು. ಆ 48 ನಿಮಿಷವೇ ಮುದುಕಿಯ ಮುಕ್ಕಾಲು. ಅಮಾವಾಸ್ಯೆ, ಹುಣ್ಣಿಮೆಗಳಂದು ಮುಂಬಯಿ ಕಡಲಲ್ಲಿ ಹೆಚ್ಚುಕಡಿಮೆ ನಡುಹಗಲಿಗೆ ಉಬ್ಬರ ಬರುವುದರಿಂದ ಈ ಲೆಕ್ಕ ಇಲ್ಲಿ ಹೊಂದುತ್ತದೆ. ನಿಮ್ಮ ಅತ್ತೆಯ ಚೀಲದಲ್ಲಿ ಪಂಚಾಂಗ ಇದ್ದೇ ಇರುತ್ತದೆ. ಮಕ್ಕಳಿಗೆ ಅವರೇ ಲೆಕ್ಕ ಹೇಳಿಕೊಡಲಿ. ಅರ್ಧ ಗಂಟೆ ಆಚೀಚೆ ಆಗುವುದುಂಟು, ಆದ್ದರಿಂದ ಹೊರಡುವ ಮುನ್ನ ಅಂದಿನ ಉಬ್ಬರವಿಳಿತದ ವೇಳೆಯನ್ನು ಮೊಬೈಲಿನಲ್ಲೂ ನೋಡಿಕೊಳ್ಳಿ.

ಹಾಗಾದರೆ ಯಾವ ದಿನ? ಅಷ್ಟಮಿಯಂದು ನಡುಹಗಲಿಗೆ ಇಳಿತ, ಮಲಗೆದ್ದು ಹೋಗಬಹುದು ಎಂದು ಆಸೆಯಾಗುತ್ತದೆ. ಆದರೆ ಅಷ್ಟಮಿಯ ಇಳಿತ ಅರೆಮನಸ್ಸಿನದು, ನೀರು ಪೂರ್ತಿ ಸರಿಯುವುದಿಲ್ಲ. ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಚೆನ್ನಾಗಿ ಇಳಿಯುತ್ತದೆ, ಆದರೆ ಬೆಳಿಗ್ಗೆ ಆರರ ಹೊತ್ತಿಗೆ. ನಡುವಿನ ಚೌತಿ, ಪಂಚಮಿ, ಷಷ್ಠಿಗಳೇ ಮಕ್ಕಳೊಂದಿಗೆ ಹೋಗುವವರಿಗೆ ಒಳ್ಳೆಯವು. ಪೂರ್ತಿ ಇಳಿತಕ್ಕೆ ಒಂದೂವರೆ ಗಂಟೆ ಮೊದಲೇ ದಂಡೆಯಲ್ಲಿರಿ. ಹಿಂದೆ ಸರಿಯುವ ನೀರಿನ ಬೆನ್ನು ಹತ್ತಿ ಹೋಗಬೇಕು, ಅದು ತಿರುಗಿದ ಕೂಡಲೇ ವಾಪಸು ಹೊರಡಬೇಕು. ಮುಲುಂಡಿನಿಂದ ಐರೋಲಿ, ಪನವೇಲ್, ಪೇಣ್ ಮೇಲಿನ ರಸ್ತೆಯೇ ಸಲೀಸು. ಗೇಟ್‌ವೇ ಆಫ್ ಇಂಡಿಯಾದಿಂದ ಅಲಿಬಾಗದ ಹತ್ತಿರದ ಮಾಂಡವಾಕ್ಕೆ ಲಾಂಚಿನಲ್ಲಿ ಹೋಗುವುದು ಮಕ್ಕಳಿಗೆ ಖುಷಿ, ಆದರೆ ನಿಮ್ಮ ಕಡೆಯಿಂದ ಗೇಟ್‌ವೇ ತಲುಪುವುದೇ ಅರ್ಧ ಪ್ರಯಾಣ. ಹಿಂದಿನ ರಾತ್ರಿ ಅಲಿಬಾಗದಲ್ಲಿ ಉಳಿದರೆ ಯಾವ ಗಡಿಬಿಡಿಯೂ ಇಲ್ಲ.

ಕೋಟೆಯಲ್ಲಿ ಮಕ್ಕಳಿಗೆ ಮೊದಲು ಗೋಡೆ ತೋರಿಸಿ. ಸಮುದ್ರದ ಕಡೆಯ ಕಲ್ಲುಗಳನ್ನು ಗಾರೆ ಹಾಕದೆ ಒಂದರ ಮೇಲೊಂದು ಪೇರಿಸಿದ್ದಾರೆ. ಅಲೆ ಬಡಿದರೆ ನೀರು ಸಂದಿಗಳಲ್ಲಿ ನುಗ್ಗಿ ತನ್ನ ಸಿಟ್ಟು ಕಳೆದುಕೊಳ್ಳುತ್ತದೆ. ಶಿವಾಜಿ ಮಹಾರಾಜರ ಆಜ್ಞೆಯಂತೆ 1680ರಲ್ಲಿ ಆರಂಭವಾದ ಕೆಲಸವನ್ನು ಮುಂದಿನ ವರ್ಷ ಸಂಭಾಜಿ ಮುಗಿಸಿದರು. ಆದರೆ ಕೋಟೆಗೆ ಹೆಸರು ತಂದವನು ಮರಾಠಾ ನೌಕಾಪಡೆಯ ಮುಖ್ಯಸ್ಥ ಕಾನ್ಹೋಜಿ ಆಂಗ್ರೆ. 1721ರಲ್ಲಿ ಇಂಗ್ಲಿಷರೂ ಪೋರ್ಚುಗೀಸರೂ ಕೈಜೋಡಿಸಿ ಮೇಲೆ ಬಿದ್ದರೂ ಇದನ್ನು ಹಿಡಿಯಲಾಗಲಿಲ್ಲ. ಸಿದ್ಧಿವಿನಾಯಕನ ಗುಡಿ ಅದಕ್ಕಿಂತ ಈಚಿನದು, ರಾಘೋಜಿ ಆಂಗ್ರೆ 1759ರಲ್ಲಿ ಕಟ್ಟಿಸಿದ್ದು. ಉತ್ತರದ ಗೋಡೆಯ ಬಳಿ ಚಕ್ರದ ಮೇಲೆ ಕುಳಿತ ಎರಡು ಫಿರಂಗಿಗಳು ಇಂಗ್ಲೆಂಡಿನ ಯಾರ್ಕ್‌ಷೈರಿನ ಕಾರ್ಖಾನೆಯವು. ಅಕ್ಷರ ಕೆತ್ತಿದ್ದಾರೆ, ದೊಡ್ಡ ಮಗ ಓದಲಿ. ಸುತ್ತಲೂ ಉಪ್ಪುನೀರಿದ್ದರೂ ಒಳಗೆ ಸಿಹಿನೀರಿನ ಬಾವಿಯಿದೆ. ಕುಡಿಯುವ ನೀರನ್ನು ಮಾತ್ರ ನೀವೇ ಒಯ್ಯಿರಿ.

ಇನ್ನು ನಿಮ್ಮ ಅತ್ತೆ. ದಂಡೆಯಿಂದ ಕುದುರೆಗಾಡಿ ಸಿಗುತ್ತದೆ, ಅದರಲ್ಲಿ ಕೂರಿಸಿ ದಾಟಿಸಬಹುದು. ಆದರೆ ಗಾಡಿ ಕೋಟೆಯ ಒಳಗೆ ಬರುವುದಿಲ್ಲ. ಬಾಗಿಲ ಮುಂದಿನ ಕಲ್ಲುಗಳ ಮೇಲೆ ಪಾಚಿ, ಚೂಪಾದ ಚಿಪ್ಪು. ನನಗೀಗ ಅರವತ್ತೆಂಟು, ನನ್ನ ಮಂಡಿಯನ್ನೇ ಕೇಳಿ ಹೇಳುತ್ತಿದ್ದೇನೆ, ಬೇಡ. ಅವರಿಗೆಂದು ಇನ್ನೊಂದು ದಿನ ವಸಯಿ ಕೋಟೆ ಇಟ್ಟುಕೊಳ್ಳಿ. ವಸಯಿ ರೋಡ್ ನಿಲ್ದಾಣದಿಂದ ರಿಕ್ಷಾ ಕೋಟೆಯ ಒಳಗಿನವರೆಗೂ ಹೋಗುತ್ತದೆ, ನೆಲ ಸಮತಟ್ಟು, ಮರಗಳ ನೆರಳಿದೆ. ಮರಾಠಾ ಸೇನಾನಿ ಚಿಮಾಜಿ ಅಪ್ಪಾ 1739ರಲ್ಲಿ ಪೋರ್ಚುಗೀಸರಿಂದ ಗೆದ್ದ ಕೋಟೆ ಅದು. ಚಾವಣಿ ಕಳೆದುಕೊಂಡ ಇಗರ್ಜಿಗಳ ನಡುವೆ ಒಂದು ಕಟ್ಟೆ ಹುಡುಕಿ ಬುತ್ತಿ ಬಿಚ್ಚಿ. ಅತ್ತೆ ತಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿಗೆ ಅದಕ್ಕಿಂತ ಒಳ್ಳೆಯ ಜಾಗ ಮುಂಬಯಿಯ ಸುತ್ತ ನನಗಂತೂ ಸಿಕ್ಕಿಲ್ಲ.

ಪ್ರಶ್ನೆ: ಕುಲಾಬಾ ಕೋಟೆ ಎಂದರೆ ಚರ್ಚ್‌ಗೇಟಿನ ಆಚೆಯ ಕೊಲಾಬಾದಲ್ಲಿ ಇರುವುದೆಂದು ಅಲ್ಲೆಲ್ಲ ಹುಡುಕಿ ಬಂದೆ. ನನ್ನಂಥ ದಡ್ಡರು ಬೇರೆ ಇದ್ದಾರೆಯೇ?
– ಮಾಟುಂಗಾದ ಓದುಗರು

ಉತ್ತರ: ಬಹಳ ಜನ. ಹೆಸರು ಒಂದೇ, ನಡುವೆ ಒಂದು ಸಮುದ್ರ. ಈಗಿನ ರಾಯಗಡ ಜಿಲ್ಲೆಗೂ 1981ರವರೆಗೆ ಕುಲಾಬಾ ಎಂದೇ ಹೆಸರಿತ್ತು. ಹಳೆಯ ಪುಸ್ತಕ ಓದುವಾಗಲೂ ಈ ಎಚ್ಚರ ಇರಲಿ.

ಪ್ರಶ್ನೆ: ನನ್ನ ಗಂಡನ ಮನೆ ಅಲಿಬಾಗ. ಕಚೇರಿಯಲ್ಲಿ ಏನಾದರೂ ತಪ್ಪಾದರೆ "ಅಲಿಬಾಗದಿಂದ ಬಂದೆಯಾ?" ಎಂದು ಚುಚ್ಚುತ್ತಾರೆ. ಏನು ಉತ್ತರ ಕೊಡಲಿ?
– ಥಾಣೆಯ ಓದುಗರು

ಉತ್ತರ: ಈ ಮಾತನ್ನು ನಿಷೇಧಿಸಬೇಕೆಂದು 2019ರಲ್ಲಿ ಒಬ್ಬರು ಬಾಂಬೆ ಹೈಕೋರ್ಟಿಗೇ ಹೋಗಿದ್ದರು. ಅರ್ಜಿ ವಜಾ ಆಯಿತು. ಆದ್ದರಿಂದ ಕೋರ್ಟನ್ನು ನಂಬಬೇಡಿ, ಹೀಗೆ ಹೇಳಿ: ಭೂಮಿಯ ಕಾಂತಶಕ್ತಿಯನ್ನು ಅಳೆಯುವ ವೀಕ್ಷಣಾಲಯ ಮೊದಲು ಮುಂಬಯಿಯ ಕೊಲಾಬಾದಲ್ಲಿತ್ತು. ಊರಿಗೆ ವಿದ್ಯುತ್ ಟ್ರಾಮ್ ಬರುತ್ತದೆ, ಅಳತೆ ಕೆಡುತ್ತದೆ ಎಂದಾಗ ಅದಕ್ಕೆ ಶಾಂತವಾದ ಜಾಗ ಹುಡುಕಿದರು. 1904ರಲ್ಲಿ ಆ ಕೆಲಸ ಶುರುವಾದದ್ದು ಅಲಿಬಾಗದಲ್ಲಿ, ಕಬ್ಬಿಣದ ಸೋಂಕಿಲ್ಲದಂತೆ ಕಟ್ಟಿದ ಮನೆಯಲ್ಲಿ. ಇಷ್ಟು ಹೇಳಿಯೂ ಚುಚ್ಚಿದರೆ, ಬೇಸಿಗೆಯಲ್ಲಿ ಅತ್ತೆಮನೆಯಿಂದ ಬರುವಾಗ ಬಿಳಿ ಈರುಳ್ಳಿಯ ಜಡೆ ತಂದು ಚುಚ್ಚದವರಿಗೆ ಮಾತ್ರ ಹಂಚಿ.