ಬುಗುರಿ ಬೇಡ ಅಂದ ಮಗಳು

ಪ್ರಶ್ನೆ: ನಂಗೆ 38 ವರ್ಷ, ಊರು ತುರುವೇಕೆರೆ ಹತ್ರ ಒಂದು ಹಳ್ಳಿ, ಕೆಲಸ ಬೆಂಗಳೂರಲ್ಲಿ. ಹೆಂಡ್ತಿನೂ ಕೆಲಸಕ್ಕೆ ಹೋಗ್ತಾಳೆ. ಒಬ್ಳೇ ಮಗಳು, ಏಳು ವರ್ಷ. ನಾನು ಬುಗುರಿ, ಗೋಲಿ, ಚಿನ್ನಿದಾಂಡು ಆಡ್ಕೊಂಡು, ಕೆರೇಲಿ ಈಜ್ಕೊಂಡು, ಹುಣಸೆ ಮರ ಹತ್ಕೊಂಡು ಬೆಳೆದೋನು. ಆ ಖುಷಿ ಮಗಳಿಗೂ ಸಿಗಬೇಕು ಅಂತ ತುಂಬಾ ಆಸೆ. ದಸರಾ ರಜೇಲಿ ಊರಿಗೆ ಕರ್ಕೊಂಡೋಗಿ ಕೆರೆ, ತೋಟ, ನಾನು ಹತ್ತುತಿದ್ದ ಮರ ಎಲ್ಲಾ ತೋರಿಸಿದ್ರೆ ಅರ್ಧ ಗಂಟೆಗೇ ‘ಅಪ್ಪಾ ಬೋರು, ಹೋಗೋಣ’ ಅಂದ್ಲು. ಕೋಪ ಬಂತು, ಬೈದೆ, ಅತ್ಲು. ಬಸವನಗುಡಿ ಕಡಲೆಕಾಯಿ ಪರಿಷೆಯಿಂದ ಬುಗುರಿ ತಂದ್ಕೊಟ್ಟೆ, ಎರಡು ಸಲ ಬಿಸಾಕಿ ಬರ್ತಿಲ್ಲ ಅಂತ ಮೂಲೆಗಿಟ್ಲು. ಮನೇಲಿ ನೋಡಿದ್ರೆ ಸ್ಲೈಮ್ ಮಾಡೋ ವಿಡಿಯೋ ಗಂಟೆಗಟ್ಲೆ ನೋಡ್ತಾಳೆ. ನಮ್ಮಮ್ಮ ‘ಹೆಣ್ಮಗೀಗೆ ಯಾಕೋ ಬುಗುರಿ, ಮರ ಎಲ್ಲಾ’ ಅಂತಾರೆ, ಊರಲ್ಲಿರೋ ನಮ್ಮಕ್ಕ ನಗ್ತಾಳೆ, ಹೆಂಡ್ತಿ ‘ನಿಮ್ಮಾಸೆ ಅವಳ ಮೇಲೆ ಹೇರ್ಬೇಡಿ’ ಅಂತಾಳೆ. ಮೊನ್ನೆ ಭಾನುವಾರ ಅವರೆಕಾಳು ಹಿತುಕ್ತಾ ಕೂತಿದ್ದಾಗ ಮಗಳೂ ಬಂದು ಕೂತು ಬೇಳೆನ ನನ್ನ ಮುಖಕ್ಕೆ ಹಾರ್ಸೋಕೆ ಶುರು ಮಾಡಿದ್ಲು, ಗಲೀಜಾಗುತ್ತೆ ಅಂತ ಎಬ್ಬಿಸಿ ಕಳಿಸ್ದೆ. ನನ್ನ ಜೊತೆ ಕಳೆದಿದ್ದು ಅಂತ ಅವಳಿಗೆ ಏನೂ ನೆನಪೇ ಉಳಿಯಲ್ವೇನೋ ಅನ್ಸುತ್ತೆ. ಬಲವಂತ ಮಾಡಿಯಾದ್ರೂ ಕಲಿಸ್ಲಾ, ಇಲ್ಲ ಬಿಟ್ಬಿಡ್ಲಾ?
– ಹೆಸರು ಬೇಡ, ಬೆಂಗಳೂರು

ಉತ್ತರ: ನಿಮ್ಮ ಪತ್ರ ಓದಿ ಮೊದಲು ಅನ್ಸಿದ್ದು ಏನಂದ್ರೆ, ಮಗಳಿಗೆ ಏನು ಕೊಡ್ಬೇಕು ಅಂತ ಇಷ್ಟು ತಲೆ ಕೆಡಿಸ್ಕೊಂಡಿರೋ ಅಪ್ಪ ಸಿಕ್ಕಿರೋದು ಆ ಮಗುವಿನ ಪುಣ್ಯ, ಇದನ್ನ ಉಪಚಾರಕ್ಕೆ ಹೇಳ್ತಿಲ್ಲ. ಬಲವಂತ ಮಾಡ್ಲಾ ಅಂತ ಕೇಳಿದೀರಲ್ಲ, ಅದಕ್ಕೆ ಉತ್ತರ ಬೇಡ ಅಂತಾನೇ. ಆದ್ರೆ ಬಿಟ್ಬಿಡಿ ಅಂತಾನೂ ನಾನು ಹೇಳಲ್ಲ.

ನಿಮ್ಮ ಪತ್ರದಲ್ಲಿರೋ ಬಾಲ್ಯದ ಖುಷಿಗಳನ್ನೇ ಇನ್ನೊಂದ್ಸಲ ನೋಡಿ. ಬುಗುರಿ, ಗೋಲಿ, ಕೆರೆ, ಹುಣಸೆ ಮರ. ಅದ್ರಲ್ಲಿ ಎಲ್ಲಾದ್ರೂ ನಿಮ್ಮಪ್ಪ ಇದಾರಾ? ಅವರು ಹೊಲದಲ್ಲೋ ತೋಟದಲ್ಲೋ ಇದ್ದಿರ್ತಾರೆ, ನೀವು ಯಾವ ಮರ ಹತ್ತಿದ್ರಿ ಅನ್ನೋದು ಅವರಿಗೆ ಗೊತ್ತಾಗ್ತಿದ್ದಿದ್ದು ನೀವು ಬಿದ್ದು ಮಂಡಿ ತರಚ್ಕೊಂಡು ಬಂದಾಗ ಮಾತ್ರ. ಆ ಖುಷಿನ ನಿಮಗೆ ಯಾರೂ ಕೊಡ್ಲಿಲ್ಲ, ಯಾರೂ ಕೂರಿಸ್ಕೊಂಡು ಕಲಿಸ್ಲಿಲ್ಲ. ಬುಗುರಿ ನಿಮಗೆ ಎರಡನೇ ಸಲಕ್ಕೇ ಬಂದಿತ್ತಾ? ಖಂಡಿತ ಇಲ್ಲ. ಚಾಟಿ ಸರಿಯಾಗಿ ಸುತ್ತೋಕೆ ಬರೋದಕ್ಕೇ ಎಷ್ಟೋ ದಿನ, ಸುತ್ತಿದ್ಮೇಲೆ ಬಿಟ್ರೆ ಮೊಳೆ ಮೇಲಾಗಿ ಬಿದ್ದು ಉರುಳ್ಕೊಂಡು ಹೋಗೋದು, ದೊಡ್ಡ ಹುಡುಗ್ರು ಅಂಗೈ ಮೇಲೆ ಆಡಿಸೋದನ್ನ ಬಾಯಿ ಬಿಟ್ಕೊಂಡು ನೋಡೋದು, ಮನೆ ಹಿಂದೆ ಯಾರೂ ಇಲ್ದಾಗ ಒಬ್ರೇ ಪ್ರಾಕ್ಟೀಸ್ ಮಾಡೋದು, ಬಂದ ದಿನ ಓಡೋಗಿ ಗೆಳೆಯರಿಗೆ ತೋರ್ಸೋದು. ಖುಷಿ ಇದ್ದಿದ್ದೇ ಇದ್ರಲ್ಲಿ. ಈಗ ನಿಮ್ಮ ಮಗಳಿಗೆ ಸಿಕ್ಕಿದ್ದು ಬರೀ ಬುಗುರಿ, ಜೊತೆಗೆ ಪಕ್ಕದಲ್ಲಿ ನಿಂತು ‘ಹಾಗಲ್ಲ ಪುಟ್ಟಿ, ಹೀಗೆ’ ಅನ್ನೋ ಅಪ್ಪ. ಸ್ಕೂಲಲ್ಲಿ ದಿನಾ ಆಗೋದೂ ಅದೇ ಅಲ್ವಾ, ಮನೇಲೂ ಅದೇ ಆದ್ರೆ ಅವಳು ಮೂಲೆಗಿಡದೆ ಇನ್ನೇನ್ ಮಾಡ್ತಾಳೆ.

ಕೆರೆ ವಿಷ್ಯಾನೂ ಅಷ್ಟೇ. ನಿಮಗೆ ಆ ಕೆರೆ ನೋಡಿದ ತಕ್ಷಣ ಮೂವತ್ತು ವರ್ಷದ ಹಿಂದಿನ ಮಧ್ಯಾಹ್ನ ಪೂರ್ತಿ ಕಣ್ಮುಂದೆ ಬರುತ್ತೆ, ಅವಳಿಗೆ ಅದು ಬರೀ ನೀರು, ಬಿಸಿಲು, ಕಾಲಿಗೆ ಚುಚ್ಚೋ ಮುಳ್ಳು. ನೀವು ತೋರಿಸ್ತಾ ಹೋಗಿದ್ದು ನಿಮ್ಮ ನೆನಪುಗಳನ್ನ, ಅವಳಿಗೆ ಅಲ್ಲಿ ಮಾಡೋಕೆ ಕೆಲಸ ಏನೂ ಇರ್ಲಿಲ್ಲ. ನಿಮಗಾದ ನೋವು ನಿಜ, ಅದನ್ನ ಸಣ್ಣದು ಅಂತ ನಾನು ಹೇಳಲ್ಲ, ಆಡ್ತಿದ್ದ ಗೆಳೆಯರು ಚದುರಿ ಹೋಗಿದಾರೆ, ಊರು ಬದಲಾಗಿದೆ, ಆ ಸಂಕಟ ಯಾರಿಗಾದ್ರೂ ಆಗುತ್ತೆ. ಆದ್ರೆ ಅದನ್ನ ಹಳೇ ಗೆಳೆಯನಿಗೆ ಫೋನ್ ಮಾಡಿ ಹಂಚ್ಕೊಳ್ಳಿ, ಹೆಂಡ್ತಿ ಹತ್ರ ಹೇಳ್ಕೊಳ್ಳಿ. ಏಳು ವರ್ಷದ ಮಗು ಅದನ್ನ ತುಂಬಿಕೊಡೋಕಾಗಲ್ಲ. ಅವಳಿಗೆ ಕಥೆಯಾಗಿ ಹೇಳಿ, ರಾತ್ರಿ ಮಲಗೋ ಟೈಮಲ್ಲಿ, ಅದೂ ನೀವು ಗೆದ್ದ ಕಥೆಗಿಂತ ಬಿದ್ದ ಕಥೆ, ಏಟು ತಿಂದ ಕಥೆ, ಬೇರೆಯವರ ತೋಟದಲ್ಲಿ ಸಿಕ್ಕಾಕೊಂಡ ಕಥೆ. ಅಪ್ಪನೂ ಒಂದಿನ ಬೈಸ್ಕೊಳ್ತಿದ್ದ ಅನ್ನೋದು ಮಕ್ಕಳಿಗೆ ಎಷ್ಟು ಖುಷಿ ಅಂದ್ರೆ ಅದೇ ಕಥೆನ ಹತ್ತು ಸಲ ಹೇಳಿಸ್ಕೊಳ್ತವೆ.

ಈಗ ನೀವು ಏನೋ ಸಣ್ಣ ವಿಷ್ಯ ಅಂತ ಕೊನೇಲಿ ಬರೆದಿರೋ ಅವರೆಕಾಳಿಗೆ ಬರ್ತೀನಿ, ಯಾಕಂದ್ರೆ ನಿಮ್ಮ ಇಡೀ ಪತ್ರದಲ್ಲಿ ಅಪ್ಪ ಮಗಳು ಇಬ್ರೂ ಒಟ್ಟಿಗೆ ಖುಷಿಯಾಗಿರೋ ಸಾಧ್ಯತೆ ಇದ್ದ ಜಾಗ ಅದೊಂದೇ. ರಾತ್ರಿ ನೆನೆಸಿಟ್ಟ ಕಾಳು, ಬೆಳಗ್ಗೆ ಊದ್ಕೊಂಡು ಸಿಪ್ಪೆ ಸಡಿಲ ಆಗಿರುತ್ತೆ, ಹೆಬ್ಬೆರಳು ತೋರುಬೆರಳ ಮಧ್ಯ ಇಟ್ಟು ಹಿತುಕಿದ್ರೆ ಬೇಳೆ ಪಚಕ್ ಅಂತ ಹಾರುತ್ತೆ, ಕೈಯೆಲ್ಲಾ ಸೊಗಡು. ಪಾತ್ರೆಗೆ ಗುರಿ ಇಟ್ರೆ ಒಂದು ಒಲೆ ಕೆಳಗೆ ಹೋಗುತ್ತೆ, ಒಂದು ಅಪ್ಪನ ಕನ್ನಡಕಕ್ಕೆ ಬೀಳುತ್ತೆ. ಇದಕ್ಕಿಂತ ಒಳ್ಳೇ ಆಟ ಯಾವ ಅಂಗಡೀಲಿ ಸಿಗುತ್ತೆ ಹೇಳಿ? ಅದನ್ನ ಅವಳಿಗೆ ಯಾರೂ ಕಲಿಸ್ಲಿಲ್ಲ, ತಾನೇ ಕಂಡುಹಿಡಿದ್ಲು, ನಿಮ್ಮನ್ನೂ ಆಟಕ್ಕೆ ಕರೆದ್ಲು. ಮುಖಕ್ಕೆ ಹಾರ್ಸೋದು ಅಂದ್ರೆ ‘ಅಪ್ಪಾ ಬಾ’ ಅಂತ ಕರೆದ ಹಾಗೇನೇ. ನೀವು ಹುಣಸೆ ಮರದ ಮೇಲೆ ಏನು ಅನುಭವಿಸಿದ್ರೋ ಅವಳಿಗೆ ಅದು ಅಡುಗೆಮನೆ ನೆಲದ ಮೇಲೆ ಸಿಕ್ಕಿತ್ತು. ಇದನ್ನ ಓದಿ ಬೇಜಾರು ಮಾಡ್ಕೊಂಡು ಕೂರ್ಬೇಡಿ, ಸೀಸನ್ ಇನ್ನೂ ಮುಗಿದಿಲ್ಲ, ಈ ಭಾನುವಾರಾನೇ ಎರಡು ಕೇಜಿ ಸೊಗಡವರೆ ತನ್ನಿ, ಬಾಲ್ಕನೀಲೋ ಹಾಲಲ್ಲೋ ಹಳೇ ಬೆಡ್‌ಶೀಟ್ ಹಾಸಿ, ಗಲೀಜಾದ್ರೆ ಆಗ್ಲಿ, ಆಮೇಲೆ ಇಬ್ರೂ ಸೇರಿ ಗುಡಿಸಿದ್ರಾಯ್ತು. ಎರಡು ಏಟು ನೀವೂ ಹಾರ್ಸಿ.

ಇಂಥದ್ದು ದಿನಾ ಬೇಕಾ ಅಂದ್ರೆ ಬೇಕು, ಆದ್ರೆ ಗಂಟೆಗಟ್ಲೆ ಬೇಡ. ಅಮೆರಿಕಾದಲ್ಲಿ ಶೀಲಾ ಐಬರ್ಗ್ ಅನ್ನೋ ಮನಶ್ಶಾಸ್ತ್ರಜ್ಞೆ 1970ರ ದಶಕದಲ್ಲಿ ಪೇರೆಂಟ್ ಚೈಲ್ಡ್ ಇಂಟರಾಕ್ಷನ್ ಥೆರಪಿ ಅಂತ ಒಂದು ವಿಧಾನ ಶುರು ಮಾಡಿದ್ರು, ವಿಪರೀತ ಹಠ, ಸಿಟ್ಟು ಇರೋ ಸುಮಾರು 2ರಿಂದ 7 ವರ್ಷದ ಮಕ್ಕಳಿಗೆ ಅಂತ. ಅದ್ರಲ್ಲಿ ಅಪ್ಪ ಅಮ್ಮಂಗೆ ಕೊಡೋ ಹೋಂವರ್ಕ್ ದಿನಕ್ಕೆ ಐದೇ ನಿಮಿಷ. ಆ ಐದು ನಿಮಿಷ ಆಟ ಮಗೂದು, ಮಗು ಏನ್ ಹೇಳುತ್ತೋ ಅದೇ, ದೊಡ್ಡೋರು ಜೊತೆಗಿರ್ಬೇಕು ಅಷ್ಟೇ, ಪ್ರಶ್ನೆ ಕೇಳಂಗಿಲ್ಲ, ಆರ್ಡರ್ ಮಾಡಂಗಿಲ್ಲ, ತಪ್ಪು ತೋರಿಸಂಗಿಲ್ಲ. ನಿಮ್ಮ ಮಗಳಿಗೆ ಥೆರಪಿ ಗಿರಪಿ ಏನೂ ಬೇಕಾಗಿಲ್ಲ, ಆದ್ರೆ ಈ ಹೋಂವರ್ಕ್ ಮಾತ್ರ ಯಾವ ಮನೇಲಾದ್ರೂ ಮಾಡಬಹುದು. ಕೇಳೋಕೆ ಸುಲಭ, ಕೂತಾಗ ಗೊತ್ತಾಗುತ್ತೆ ಕಷ್ಟ. ನಮ್ಮಲ್ಲಿ ಅಪ್ಪಂದಿರು ಮಗು ಜೊತೆ ಮಾತಾಡೋದು ಅಂದ್ರೆ ಪರೀಕ್ಷೆ ಮಾಡೋದು ಅಂತಾನೇ ಆಗೋಗಿದೆ, ಇದು ಯಾವ ಕಲರು, ಸ್ಪೆಲಿಂಗ್ ಹೇಳು, ಏಳೆಂಟ್ಲ ಎಷ್ಟು. ಅವಳು ಆನೆಗೆ ಹಸಿರು ಬಣ್ಣ ಬಳಿದ್ರೆ ‘ಆನೆ ಹಸಿರು ಇರುತ್ತಾ?’ ಅಂತ ಬಾಯಿಗೆ ಬರೋದನ್ನ ನುಂಗ್ಕೊಂಡು ‘ಓ ಹಸಿರು ಆನೆ’ ಅನ್ನಿ, ನಿಮಗೂ ಒಂದು ಹಾಳೆ ತಗೊಂಡು ಹಸಿರು ಆನೆನೇ ಬರೀರಿ. ಫೋನು ಬೇರೆ ರೂಮಲ್ಲಿರ್ಲಿ. ಟ್ರಾಫಿಕ್ ದಾಟ್ಕೊಂಡು ಎಂಟೂವರೆಗೆ ಮನೆಗೆ ಬಂದ್ರೂ ಐದು ನಿಮಿಷ ಸಿಕ್ಕೇ ಸಿಗುತ್ತೆ, ಮತ್ತೆ ಅವಳು ಆವತ್ತು ಹಠ ಮಾಡಿದ್ಲು, ಹೋಂವರ್ಕ್ ಮಾಡ್ಲಿಲ್ಲ ಅಂತ ಶಿಕ್ಷೆಯಾಗಿ ಆ ಐದು ನಿಮಿಷ ಮಾತ್ರ ಕಿತ್ಕೋಬೇಡಿ.

ಸ್ಲೈಮ್ ವಿಡಿಯೋ ಬಗ್ಗೆ ಬರೆದಿದೀರಿ. ಗಂಟೆಗಟ್ಲೆ ನೋಡೋದು ಒಳ್ಳೇದಲ್ಲ, ಟೈಮ್ ಫಿಕ್ಸ್ ಮಾಡಿ, ಅದ್ರಲ್ಲಿ ಮುಲಾಜು ಬೇಡ. ಆದ್ರೆ ಅವಳು ನೋಡ್ತಿರೋದು ಏನು ಅಂತಾನೂ ನೋಡಿ, ಕೈಯಲ್ಲಿ ಏನೋ ಕಲಸೋದು, ಎಳೆಯೋದು, ಮೆತ್ಕೊಳ್ಳೋದು, ನೀವು ಕೆರೆ ಏರಿ ಮೇಲೆ ಕೂತು ಜೇಡಿಮಣ್ಣಲ್ಲಿ ಎತ್ತು ಗಾಡಿ ಮಾಡ್ತಿದ್ದಿದ್ದೂ ಇದೇ ಆಸೆಯಿಂದ. ಫೋನ್ ಕಿತ್ಕೊಂಡು ಬೈಯೋ ಬದಲು ಭಾನುವಾರ ಚಪಾತಿ ಹಿಟ್ಟು ಕಲಸೋಕೆ ಕೂರಿಸ್ಕೊಳ್ಳಿ, ಹಿಟ್ಟು ಜಾಸ್ತಿ ನೀರಾಗಿ ಕೈಗೆ ಅಂಟ್ಕೊಂಡಾಗ ಅವಳ ಮುಖ ನೋಡಿ ಸಾಕು.

ಇನ್ನು ಆಟಕ್ಕೆ ಅಪ್ಪ ಒಬ್ಬನೇ ಸಾಕಾಗಲ್ಲ, ಮಕ್ಕಳು ಬೇಕು, ಹೊರಗೆ ಓಡಾಡ್ಬೇಕು. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ದಣಿಯೋ ಹಾಗೆ ಓಡಾಟ ಇರ್ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ, ಬೆಂಗಳೂರಿನ ಎಷ್ಟು ಮಕ್ಕಳಿಗೆ ಅದು ಸಿಗ್ತಿದೆ ನೀವೇ ಯೋಚ್ನೆ ಮಾಡಿ. ಬಿಲ್ಡಿಂಗಲ್ಲೋ ರಸ್ತೇಲೋ ಅವಳ ವಯಸ್ಸಿನ ನಾಲ್ಕು ಮಕ್ಕಳನ್ನ ಒಟ್ಟು ಮಾಡೋ ಕೆಲಸ ನಿಮ್ಮದು, ಆ ಅಪ್ಪ ಅಮ್ಮಂದಿರ ಹತ್ರ ಮಾತಾಡಿ, ಶನಿವಾರ ಸಂಜೆ ಪಾರ್ಕಿಗೆ ಕರ್ಕೊಂಡೋಗಿ, ಒಂದು ಚೆಂಡು, ಲಗೋರಿಗೆ ಏಳು ಕಲ್ಲು ಕೊಡಿ, ರೂಲ್ಸ್ ಒಂದ್ಸಲ ಹೇಳಿ, ಆಮೇಲೆ ದೂರ ಹೋಗಿ ಬೆಂಚ್ ಮೇಲೆ ಕೂತ್ಬಿಡಿ. ಜಗಳ ಆಡ್ತಾರೆ, ಆಡ್ಲಿ. ಅರ್ಧಕ್ಕೆ ರೂಲ್ಸ್ ಬದಲಾಯಿಸ್ಕೊಂಡ್ರೆ ‘ಲಗೋರಿ ಹಾಗಲ್ಲ’ ಅಂತ ಎದ್ದು ಹೋಗ್ಬೇಡಿ ದಯವಿಟ್ಟು.

ಊರಿಗೂ ಹಾಗೇ, ಒಂದು ದಿನದ ಟೂರ್ ಥರ ತೋರಿಸ್ಕೊಂಡು ಬರೋದ್ರಿಂದ ಏನೂ ಆಗಲ್ಲ. ಬೇಸಿಗೆ ರಜೇಲಿ ಹತ್ತು ಹದಿನೈದು ದಿನ ಇರ್ಲಿ, ಅಕ್ಕನ ಮಕ್ಕಳಿದ್ರೆ ಅವರ ಜೊತೆ. ಮೊದಲ ಎರಡು ದಿನ ಬೋರು ಅಂತ ಅಳ್ತಾಳೆ, ಫೋನ್ ಮಾಡ್ತಾಳೆ, ಮೂರನೇ ದಿನಕ್ಕೆ ಫೋನಿಗೇ ಸಿಗಲ್ಲ. ಒಂದೇ ಎಚ್ಚರಿಕೆ, ಕೆರೆ ಮತ್ತೆ ಕೃಷಿಹೊಂಡದ ಹತ್ರ ದೊಡ್ಡೋರಿಲ್ದೆ ಬಿಡ್ಲೇಬೇಡಿ. ನಿಮ್ಮ ಕಾಲದಲ್ಲಿ ಕೃಷಿಹೊಂಡ ಇಷ್ಟೊಂದು ಇರ್ಲಿಲ್ಲ, ಈಗ ತೋಟಗಳಲ್ಲಿ ಪ್ಲಾಸ್ಟಿಕ್ ಹಾಸಿ ಮಾಡಿರ್ತಾರಲ್ಲ, ಅದ್ರಲ್ಲಿ ಕಾಲು ಜಾರಿದ್ರೆ ಈಜು ಬರೋರಿಗೂ ಹತ್ತಿ ಬರೋಕೆ ಹಿಡಿತ ಸಿಗಲ್ಲ. ಈಜು ಆಸೆ ಇದ್ರೆ ಇಲ್ಲೇ ಪೂಲಲ್ಲಿ ಸರಿಯಾಗಿ ಕಲೀಲಿ.

ಕೊನೇದಾಗಿ ಅಮ್ಮ ಹೇಳಿದ ಮಾತು. ಹೆಣ್ಮಗುಗೆ ಯಾಕೆ ಅನ್ನೋದು ತಪ್ಪು, ಅದನ್ನ ಅಮ್ಮಂಗೆ ಮೆತ್ತಗೆ ಆದ್ರೆ ಸ್ಪಷ್ಟವಾಗಿ ಹೇಳಿ, ಮಗಳ ಮುಂದೇನೇ ಹೇಳಿ, ಅವಳು ಕೇಳಿಸ್ಕೊಳ್ಳೋದು ಮುಖ್ಯ. ಆದ್ರೆ ಅಕ್ಕ ಯಾಕೆ ನಕ್ಕರು ಅಂತ ಯೋಚ್ನೆ ಮಾಡಿದೀರಾ? ಅದೇ ಮನೇಲಿ, ಅದೇ ಊರಲ್ಲಿ ಬೆಳೆದೋರು ಅವರು. ನೀವು ಕೆರೇಲಿದ್ದ ಹೊತ್ತಿಗೆ ಅವರು ಪಾತ್ರೆ ತೊಳೀತಿದ್ರೋ, ತಮ್ಮನ್ನ ಎತ್ಕೊಂಡು ಸುತ್ತಾಡ್ತಿದ್ರೋ, ದೀಪ ಹಚ್ಚೋ ಹೊತ್ತಿಗೆ ಮನೆ ಸೇರ್ಬೇಕು ಅಂತ ಕಟ್ಟಳೆ ಇತ್ತೋ ಏನೋ. ಮಗಳಿಗೆ ಕೊಡ್ಬೇಕು ಅಂತ ನೀವು ಮಾಡಿರೋ ಲಿಸ್ಟು ಪೂರ್ತಿ ಒಬ್ಬ ಹುಡುಗನ ಬಾಲ್ಯ. ಮಗಳು ಅದನ್ನೂ ಆಡ್ಲಿ, ಬೇಡ ಅಂತಲ್ಲ. ಆದ್ರೆ ಅಕ್ಕನಿಗೂ ಒಂದು ಬಾಲ್ಯ ಇತ್ತಲ್ಲ, ಸಿಕ್ಕಷ್ಟು ಜಾಗದಲ್ಲಿ, ಸಿಕ್ಕಷ್ಟು ಹೊತ್ತಲ್ಲಿ ಅವರೇನು ಆಡ್ತಿದ್ರು? ಕುಂಟೆಬಿಲ್ಲೆ, ಐದು ಕಲ್ಲಾಟ, ಅಳಗುಳಿಮಣೆ, ಹುಣಸೆ ಬೀಜನ ಕಲ್ಲಿಗೆ ತೇಯ್ದು ಒಂದು ಮಗ್ಗುಲು ಬಿಳಿ ಮಾಡಿ ಅದರಲ್ಲೇ ಚೌಕಾಬಾರ. ತೇಯ್ದು ಬಿಸಿಯಾದ ಬೀಜನ ಪಕ್ಕದೋರ ತೋಳಿಗೆ ಚುರುಕ್ ಅಂತ ಇಟ್ಟು ಓಡೋದು ಎಷ್ಟೋ ಅಕ್ಕಂದಿರ ಕೆಲಸಾನೇ ಆಗಿತ್ತು, ನಿಮ್ಮ ತೋಳಿಗೂ ಬಿದ್ದಿರುತ್ತೆ. ಇದೆಲ್ಲಾ ಅಪಾರ್ಟ್‌ಮೆಂಟ್ ಹಾಲಲ್ಲೂ ನಡಿಯುತ್ತೆ, ಚಾಕ್‌ಪೀಸಲ್ಲಿ ಐದೈದು ಮನೆ ಗೀಚಿದ್ರೆ ಚೌಕಾಬಾರ ರೆಡಿ.

ಅಮ್ಮ ಬೆಂಗಳೂರಿಗೆ ಬಂದಾಗ ಮೊಮ್ಮಗಳ ಎದುರು ಆಟಕ್ಕೆ ಕೂರಿಸಿ, ಕಾಯಿ ಕಡಿಯೋಕೆ ಸಿಕ್ಕಿದ್ರೆ ಹೆಣ್ಮಗು ಅನ್ನೋದೆಲ್ಲಾ ಅವರೇ ಮರೀತಾರೆ. ಅದಕ್ಕೂ ಮುಂಚೆ ಅಕ್ಕಂಗೆ ಈ ವಾರಾನೇ ಫೋನ್ ಮಾಡಿ, ಸ್ಪೀಕರ್ ಆನ್ ಮಾಡಿ ಮಗಳ ಕೈಗೆ ಕೊಡಿ, ‘ಅತ್ತೆ, ನೀನು ಚಿಕ್ಕವಳಿದ್ದಾಗ ಏನ್ ಆಡ್ತಿದ್ದೆ’ ಅಂತ ಅವಳೇ ಕೇಳ್ಲಿ, ನೀವು ಮಧ್ಯ ಬಾಯಿ ಹಾಕ್ಬೇಡಿ. ಬೇಸಿಗೆ ರಜೆಗೆ ಕಳಿಸೋ ವಿಷ್ಯಾನೂ ಅದೇ ಫೋನಲ್ಲೇ ಮಾತಾಡಿ ಮುಗಿಸ್ಬಿಡಿ.