ಮಂಜು ಕವಿದಾಗ ಕಾಫಿ ತೋಟದೊಳಗೆ ದಾರಿ ಗೊತ್ತಾಗುವುದು ಹೇಗೆ?

ನೀವು ಕೇಳಿದ್ದು ಇಷ್ಟು: ಮದುವೆಯಾಗಿ ಕೊಡಗಿನ ಸಿದ್ದಾಪುರದ ಕಡೆಯ ತೋಟದ ಮನೆಗೆ ಬಂದಿದ್ದೀರಿ. ಮಳೆಗಾಲದ ಮಂಜಿನಲ್ಲಿ ತೋಟಕ್ಕೆ ಇಳಿದರೆ ದಿಕ್ಕೇ ತೋಚುವುದಿಲ್ಲ. ಮನೆಯವರು, ತೋಟದ ಲೆಕ್ಕ ಬರೆಯುವ ರೈಟರ್, ಕೆಲಸದವರು ಯಾರೂ ದಾರಿ ತಪ್ಪುವುದಿಲ್ಲ. ಆನೆಗಳೂ ತಪ್ಪುವುದಿಲ್ಲ. ಅದು ಅವರಿಗೆ ಹುಟ್ಟಿನಿಂದ ಬಂದದ್ದಾ, ಅಥವಾ ಫೋನಿನ ಮ್ಯಾಪ್ ನೋಡಿ ನೋಡಿ ನಿಮ್ಮ ತಲೆ ಮಂದವಾಯಿತಾ?

ಹುಟ್ಟಿನ ಗುಣಕ್ಕಿಂತ ಇದರಲ್ಲಿ ಕಲಿಕೆಯೇ ಜಾಸ್ತಿ. ನಾನು ಬೆಳೆದದ್ದು ಪೊನ್ನಂಪೇಟೆ ಕಡೆಯ ತೋಟದಲ್ಲಿ. ಇಲ್ಲಿಯವರು ಹಿಡಿಯುವ ಗುರುತುಗಳೇ ಬೇರೆ. ನೀವು ಬಹುಶಃ ಮರ ನೋಡುತ್ತಿದ್ದೀರಿ. ಸಿಲ್ವರ್ ಓಕ್, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಕಾಫಿ ಗಿಡ: ಎಲ್ಲಿ ನೋಡಿದರೂ ಅದೇ. ಅದರಿಂದ ದಾರಿ ಗೊತ್ತಾಗುವುದಿಲ್ಲ. ಇಲ್ಲಿಯವರು ಇಳಿಜಾರನ್ನೂ ನೀರನ್ನೂ ಹಿಡಿದು ನಡೆಯುತ್ತಾರೆ.

ದಾರಿ ಹುಡುಕುವಾಗ ತಲೆಯೊಳಗೆ ಎರಡು ಕೆಲಸ ನಡೆಯುತ್ತಿರುತ್ತವೆ. ಒಂದು, ಎಷ್ಟು ನಡೆದೆ, ಎತ್ತ ತಿರುಗಿದೆ ಎಂಬ ಲೆಕ್ಕ. ಸಹಾರಾದ ಮರಳಿರುವೆಗಳು ಇದರಲ್ಲಿ ನಿಪುಣರು. 2006ರಲ್ಲಿ ಸಂಶೋಧಕರು ಆಹಾರದ ಹತ್ತಿರ ಬಂದ ಇರುವೆಗಳ ಕಾಲಿಗೆ ಕಡ್ಡಿ ಅಂಟಿಸಿ ಉದ್ದ ಮಾಡಿದರು. ವಾಪಸು ಹೊರಟ ಇರುವೆಗಳು ಗೂಡು ದಾಟಿ ಮುಂದೆ ಹೋದವು. ಇನ್ನು ಕೆಲವು ಇರುವೆಗಳ ಕಾಲನ್ನು ಮೊಟಕು ಮಾಡಿದ್ದರು, ಅವು ಗೂಡಿಗಿಂತ ಮೊದಲೇ ನಿಂತು ಹುಡುಕಿದವು. ಅಂದರೆ ಅವು ಹೆಜ್ಜೆಯ ಲೆಕ್ಕ ಇಟ್ಟಿದ್ದವು, ಅಲ್ವಾ!

ನಮ್ಮಲ್ಲೂ ಈ ಲೆಕ್ಕ ಇದೆ. ಆದರೆ ನಡೆದಷ್ಟೂ ಸಣ್ಣ ಸಣ್ಣ ತಪ್ಪು ಸೇರುತ್ತಾ ಹೋಗುತ್ತದೆ. ಅದನ್ನು ತಿದ್ದುವುದೇ ಎರಡನೇ ಕೆಲಸ. ಅದಕ್ಕೆ ಹೊರಗಿನ ಗುರುತು ಬೇಕು. 2009ರಲ್ಲಿ ಜರ್ಮನಿಯ ಒಂದು ಕಾಡಿನಲ್ಲಿ ಜನರಿಗೆ ನೇರ ನಡೆಯಿರಿ ಅಂದರು. ಬಿಸಿಲಿದ್ದಾಗ ನೇರ ನಡೆದರು. ಮೋಡ ಮುಚ್ಚಿದ್ದಾಗ ಗೊತ್ತಿಲ್ಲದೆ ಸುತ್ತು ಹೊಡೆದು, ತಾವೇ ನಡೆದ ಜಾಗವನ್ನು ಮತ್ತೆ ದಾಟಿದರು. ಜುಲೈ ತಿಂಗಳ ಕೊಡಗಿನಲ್ಲಿ ಸೂರ್ಯ ಎಲ್ಲಿ ಕಾಣುತ್ತಾನೆ ಹೇಳಿ! ನಿಮಗೆ ಆಗುತ್ತಿರುವುದು ಯಾರಿಗಾದರೂ ಆಗುವಂಥದ್ದು.

ಈ ಲೆಕ್ಕ ಮೆದುಳಿನಲ್ಲಿ ಎಲ್ಲಿ ನಡೆಯುತ್ತದೆ ಅನ್ನುವುದು ನನಗೆ ತುಂಬಾ ಇಷ್ಟದ ವಿಷಯ. 1971ರಲ್ಲಿ ಜಾನ್ ಓಕೀಫ್ ಇಲಿಗಳ ಮೆದುಳಿನ ಹಿಪ್ಪೊಕ್ಯಾಂಪಸ್ ಎಂಬ ಭಾಗದಲ್ಲಿ ಒಂದು ಬಗೆಯ ಕೋಶಗಳನ್ನು ಕಂಡರು. ಇಲಿ ಒಂದು ನಿರ್ದಿಷ್ಟ ಜಾಗಕ್ಕೆ ಬಂದಾಗ ಒಂದು ಕೋಶ ಚುರುಕಾಗುತ್ತದೆ, ಇನ್ನೊಂದು ಜಾಗದಲ್ಲಿ ಇನ್ನೊಂದು. 2005ರಲ್ಲಿ ನಾರ್ವೆಯ ಮೇ-ಬ್ರಿಟ್ ಮೋಸರ್, ಎಡ್ವರ್ಡ್ ಮೋಸರ್ ಮತ್ತು ಅವರ ತಂಡ ಅದರ ಪಕ್ಕದ ಭಾಗದಲ್ಲೇ ಇನ್ನೊಂದು ಬಗೆಯ ಕೋಶ ಕಂಡರು. ಇಲಿ ಓಡಾಡುವ ನೆಲದ ಮೇಲೆ ಷಡ್ಭುಜಗಳ ಜಾಲ ಹಾಸಿದ ಹಾಗೆ ಇವು ಸಮ ದೂರದಲ್ಲಿ ಮತ್ತೆ ಮತ್ತೆ ಚುರುಕಾಗುತ್ತವೆ. ಮೂವರಿಗೂ 2014ರಲ್ಲಿ ನೊಬೆಲ್ ಬಂತು.

ಇನ್ನು ನಮ್ಮ ತೋಟದ ಮಾತು. ಕೊಡಗಿನಲ್ಲಿ ಸಾಮಾನ್ಯವಾಗಿ ಇಳಿಜಾರಿನಲ್ಲಿ ಕಾಫಿ, ತಗ್ಗಿನಲ್ಲಿ ಗದ್ದೆ. ನಡುವೆ ಎಲ್ಲೋ ಒಂದು ತೋಡು ಹರಿಯುತ್ತಿರುತ್ತದೆ. ಎಷ್ಟೇ ಮಂಜಿರಲಿ, ಇಳಿಜಾರು ಕಾಲಿಗೆ ತಿಳಿಯುತ್ತದೆ, ಮಳೆಗಾಲದ ತೋಡು ಕಿವಿಗೆ ಕೇಳುತ್ತದೆ. ಕೆಲಸದವರು ‘ಕೆರೆ ಮೇಲಿನ ಬ್ಲಾಕ್’, ‘ಗದ್ದೆ ಪಕ್ಕ’ ಅನ್ನುವುದನ್ನು ಗಮನಿಸಿ. ಎಡ, ಬಲ ಅನ್ನುವುದು ಕಡಿಮೆ. ನೀವು ತಿರುಗಿದರೆ ನಿಮ್ಮ ಎಡವೂ ತಿರುಗುತ್ತದೆ. ಕೆರೆ ಇದ್ದಲ್ಲೇ ಇರುತ್ತದೆ.

ಆನೆಗಳ ಮೆದುಳಿನೊಳಗೆ ಇಂಥ ಅಳತೆ ಮಾಡುವುದು ಸುಲಭವಲ್ಲ. ಅವುಗಳ ನಡೆಯನ್ನು ಮಾತ್ರ ನೋಡಬಹುದು. ನಮೀಬಿಯಾದ ಎಟೋಶಾದಲ್ಲಿ ಜಿಪಿಎಸ್ ಕಾಲರ್ ಹಾಕಿದ ಆನೆಗಳು ದೂರದಿಂದಲೇ ಹೊರಟು, ಹೆಚ್ಚಿನ ಸಲ ತಮಗೆ ಹತ್ತಿರದ ನೀರಿನ ಗುಂಡಿಗೇ ನೇರ ಹೋಗುತ್ತಿದ್ದವು. ನಮ್ಮ ತೋಟಗಳಲ್ಲಿ ಹಲಸು ಹಣ್ಣಾಗುವ ಹೊತ್ತಿಗೆ ಅದೇ ಮರದ ಬುಡಕ್ಕೆ ಬರುವ ಆನೆಯನ್ನು ನೋಡಿದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ.

ಫೋನಿನ ವಿಷಯಕ್ಕೆ ಬಂದರೆ, 2017ರಲ್ಲಿ ಪ್ರಕಟವಾದ ಲಂಡನ್ ಅಧ್ಯಯನವೊಂದಿದೆ. ಜನ ತಾವೇ ದಾರಿ ಹುಡುಕುವಾಗ, ಹೆಚ್ಚು ಕವಲುಗಳಿರುವ ಬೀದಿಗೆ ಬಂದೊಡನೆ ಹಿಪ್ಪೊಕ್ಯಾಂಪಸ್ ಚುರುಕಾಗುತ್ತಿತ್ತು. ಮ್ಯಾಪ್ ಹೇಳಿದಂತೆ ತಿರುಗುವಾಗ ಹಾಗೆ ಆಗುತ್ತಿರಲಿಲ್ಲ. ಇದನ್ನು ತಲೆ ಕೆಟ್ಟಿತು ಅಂತ ಓದಬೇಡಿ. ಆ ಹೊತ್ತಿಗೆ ಅದಕ್ಕೆ ಕೆಲಸ ಸಿಕ್ಕಿರಲಿಲ್ಲ, ಅಷ್ಟೇ. ಲಂಡನ್ನಿನ ಟ್ಯಾಕ್ಸಿ ಪರೀಕ್ಷೆಗೆ ಸುಮಾರು 25,000 ಬೀದಿ ಕಲಿಯಬೇಕು. ಕಲಿತು ಪಾಸಾದವರ ಹಿಪ್ಪೊಕ್ಯಾಂಪಸ್‌ನ ಹಿಂಭಾಗ ಬೆಳೆದದ್ದು 2011ರ ಅಧ್ಯಯನದಲ್ಲಿ ಕಂಡಿತು. ಅವರೂ ದೊಡ್ಡವರಾದ ಮೇಲೇ ಕಲಿತದ್ದು. ನಿಮಗೂ ಆಗುತ್ತದೆ.

ಮೊದಲು ಮಂಜಿಲ್ಲದ ದಿನ ಮನೆಯವರ ಜೊತೆ ಹೋಗಿ. ಆದರೆ ಮುಂದೆ ನಡೆಯುವವರು ನೀವಾಗಿ, ಕವಲಿನಲ್ಲಿ ಎತ್ತ ಅಂತ ನೀವೇ ಹೇಳಿ. ಆಗಾಗ ನಿಂತು ಹಿಂದಕ್ಕೆ ತಿರುಗಿ ನೋಡಿ, ಯಾಕೆಂದರೆ ವಾಪಸು ಬರುವಾಗ ಕಾಣುವುದು ಆ ನೋಟ. ಮನೆ ಕೆರೆಗಿಂತ ಮೇಲಾ ಕೆಳಗಾ, ತೋಡು ಯಾವ ಕಡೆಗೆ ಹರಿಯುತ್ತದೆ, ಇವೆರಡು ಗಟ್ಟಿಯಾದರೆ ಉಳಿದದ್ದು ತಾನಾಗಿ ಕೂಡುತ್ತದೆ. ಪಕ್ಕದ ತೋಟದಲ್ಲಿ ಆನೆ ಇದೆ ಅಂತ ಸುದ್ದಿ ಬಂದ ದಿನ ಮಾತ್ರ ಇಳಿಯಲೇಬೇಡಿ. ಮಂಜಿನಲ್ಲಿ ತೀರಾ ಹತ್ತಿರ ಹೋಗುವವರೆಗೂ ಅದು ನಿಮಗೆ ಕಾಣುವುದಿಲ್ಲ.