ಪ್ರತಿಕ್ರಿಯೆ: ಆ್ಯಪ್ ತೆಗೆದರೂ ಕೈ ಫೋನಿಗೇ ಹೋಗುತ್ತೆ

ಸೋಶಿಯಲ್ ಮೀಡಿಯಾ ಆ್ಯಪ್‌ಗಳನ್ನೆಲ್ಲ ಫೋನಿನಿಂದ ತೆಗೆದುಹಾಕಿ ಹತ್ತು ದಿನವಾಯ್ತು, ಆದರೂ ಕೈ ತಾನಾಗಿಯೇ ಫೋನಿಗೆ ಹೋಗುತ್ತೆ, ನನಗೆ ಮನೋಬಲವೇ ಇಲ್ವಾ ಅಂತ ಕೇಳಿದ್ದೀರಿ. ಇದೆ. ತೊಂದರೆ ಅಲ್ಲಿಲ್ಲ. ಬಹುಮಾನ ಯಾವಾಗ ಸಿಗುತ್ತೆ ಅಂತ ಗೊತ್ತಿಲ್ಲದೆ ಬೆಳೆದ ಅಭ್ಯಾಸ ಬಹಳ ನಿಧಾನವಾಗಿ ಅಳಿಯುತ್ತೆ ಅನ್ನೋದನ್ನ ಅಮೆರಿಕದ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲಿನ ಪ್ರಯೋಗಗಳಲ್ಲೇ ಕಂಡಿದ್ದರು. ಆ ಆ್ಯಪ್‌ಗಳ ಫೀಡ್, ಅಂದ್ರೆ ಎಳೆದಷ್ಟೂ ಬರ್ತಾನೇ ಇರೋ ಪೋಸ್ಟ್‌ಗಳ ಸಾಲು, ಕೂಡ ಹಾಗೇ: ಹತ್ತು ಸಲ ಎಳೆದರೆ ಒಮ್ಮೆ ಏನೋ ಚೆನ್ನಾಗಿರೋದು ಸಿಗುತ್ತೆ. ಹತ್ತು ದಿನ ಏನೇನೂ ಸಾಲದು.

ಫೋನ್ ಬಿಟ್ಟ ಮೊದಲ ವಾರ ನಾನು ಬಚ್ಚಲಲ್ಲಿ ಶಾಂಪೂ ಬಾಟಲಿ ಮೇಲಿನ ಅಕ್ಷರಗಳನ್ನೆಲ್ಲ ಓದಿ ಮುಗಿಸಿದ್ದೆ! ಖಾಲಿ ಹೊತ್ತು ಅಷ್ಟು ಕಷ್ಟ ಅನ್ನಿಸ್ತಿತ್ತು.

ಕೈ ಫೋನಿಗೆ ಹೋದಾಗ ಬೈದುಕೊಳ್ಳಬೇಡಿ, ಅದಕ್ಕೆ ಒಂದು ಕ್ಷಣ ಮುಂಚೆ ಏನಾಯ್ತು ನೋಡಿ. ಬೇಜಾರಾ, ಆತಂಕವಾ, ಮಾಡಬೇಕಾದ ಕೆಲಸದ ಭಯವಾ? ನನ್ನದು ಹೆಚ್ಚಾಗಿ ಮೂರನೆಯದು. ಕಷ್ಟದ ಇಮೇಲ್ ಬರೆಯೋ ಮುಂಚೆ ಖಂಡಿತ ಫೋನ್ ಕೈಯಲ್ಲಿರ್ತಿತ್ತು. ಅದು ಗೊತ್ತಾದ ಮೇಲೆ ಫೋನನ್ನ ಬೇರೆ ಕೋಣೆಯಲ್ಲಿಡೋಕೆ ಶುರು ಮಾಡಿದೆ, ಎದ್ದು ಹೋಗುವಷ್ಟರಲ್ಲಿ ಎಚ್ಚರ ಆಗ್ತಿತ್ತು.

ಧ್ಯಾನದ ಆ್ಯಪ್ ಹಾಕ್ಕೊಳ್ಳಲಾ ಅಂತಲೂ ಕೇಳಿದ್ದೀರಿ. ಸದ್ಯಕ್ಕೆ ಬೇಡ, ಅದೂ ನೋಟಿಫಿಕೇಶನ್ ಕಳಿಸುತ್ತೆ.